ಮಸಿ ನಿಲ್ಲುವ ಕಾಗದ

ಕನ್ನಡ ಪುಸ್ತಕಗಳ ಶೀರ್ಷಿಕೆ ಪುಟದ ಹಿಂಬದಿಯಲ್ಲಿ, ಬೆಲೆ ಮತ್ತು ಪ್ರತಿಗಳ ಸಂಖ್ಯೆಯ ಆಸುಪಾಸಿನಲ್ಲೇ ಒಂದು ಸಾಲು ಇರುತ್ತದೆ. ‘ಬಳಸಿದ ಕಾಗದ: 70 ಜಿಎಸ್‌ಎಂ ಎನ್.ಎಸ್. ಮ್ಯಾಪ್‌ಲಿಥೊ, ಡೆಮಿ 1/8’. ಓದುಗರಲ್ಲಿ ಹೆಚ್ಚಿನವರು ಅದರ ಮೇಲೆ ಕಣ್ಣಾಡಿಸುವುದೂ ಇಲ್ಲ. ಶಾಯಿ ಪೆನ್ನಿನಲ್ಲಿ ಬರೆಯುವವರು ಮಾತ್ರ ಆ ಅಂಕಿಯನ್ನು ಹುಡುಕಿ ಓದುತ್ತಾರೆ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ತೂಕ ಹೆಚ್ಚಿದ್ದಷ್ಟೂ ಮಸಿ ಹಿಂಬದಿಗೆ ಇಳಿಯುವುದಿಲ್ಲ, ಅಕ್ಷರ ಒಡೆಯುವುದಿಲ್ಲ ಎಂಬುದು ನಮ್ಮ ನಂಬಿಕೆ. ಎರ್ನಾಕುಳಂನ ಬ್ರಾಡ್‌ವೇಯಲ್ಲಿ ಯಾವ ಸ್ಟೇಷನರಿ ಅಂಗಡಿಗೆ ಹೋಗಿ “ಚೇಟ್ಟಾ, ಇಂಕ್ ಪೆನ್ನಿಗೆ ಆಗುವ ನೋಟ್‌ಬುಕ್ ಕೊಡಿ” ಎಂದರೂ ಬರುವ ಉತ್ತರ ಒಂದೇ: “ಇದು ನೂರು ಜಿಎಸ್‌ಎಂ ಸಾರ್, ಒಳ್ಳೇ ದಪ್ಪ.”

ನಾನಿರುವುದು ಅಲ್ಲಿಂದ ದಕ್ಷಿಣಕ್ಕೆ, ಕೊಚ್ಚಿ ಅರಸರ ಹಿಲ್ ಪ್ಯಾಲೇಸ್ ಇರುವ ತ್ರಿಪ್ಪುಣಿತ್ತುರದಲ್ಲಿ. ಮನೆಯ ಹೊರಗೆ ದಿನವಿಡೀ ಮಲಯಾಳ ಆಡುವ ನನಗೆ ರಾತ್ರಿ ಕೂತು ಕನ್ನಡದಲ್ಲಿ ದಿನಚರಿ ಬರೆಯುವುದು ಊಟದಷ್ಟೇ ಅಗತ್ಯ. ಹಾಗಾಗಿ ಕಾಗದದ ಮೇಲೆ ನನ್ನ ಕಣ್ಣು. ಈ ಊರಿನಿಂದ ಕೋಟ್ಟಯಂ ಕಡೆಗೆ ರೈಲು ಹಿಡಿದರೆ ಚೋಟ್ಟಾನಿಕ್ಕರ ರೋಡ್, ಮುಳಂತುರುತ್ತಿ ದಾಟಿ ಪಿರವಂ ರೋಡ್ ನಿಲ್ದಾಣ ಬರುತ್ತದೆ. ಆ ನಿಲ್ದಾಣ ಇರುವ ಊರು ವೆಳ್ಳೂರು. ಮೂವಾಟುಪುಳ ನದಿಯ ದಡದ ಈ ಊರಿನಲ್ಲಿ 1982ರಲ್ಲಿ ಕೇಂದ್ರ ಸರ್ಕಾರದ ಹಿಂದೂಸ್ತಾನ್ ನ್ಯೂಸ್‌ಪ್ರಿಂಟ್ ಕಾರ್ಖಾನೆ ಶುರುವಾಯಿತು. ನಡುವೆ ಬಾಗಿಲು ಮುಚ್ಚಿದ್ದ ಅದನ್ನು ಕೇರಳ ಸರ್ಕಾರ ಕೊಂಡುಕೊಂಡಿತು. ಕೇರಳ ಪೇಪರ್ ಪ್ರಾಡಕ್ಟ್ಸ್ ಲಿಮಿಟೆಡ್ ಎಂಬ ಹೆಸರಿನಲ್ಲಿ 2022ರಲ್ಲಿ ಅದು ಮತ್ತೆ ಚಾಲೂ ಆಯಿತು. ಅಲ್ಲಿ ತಯಾರಾಗುವ ಪತ್ರಿಕೆ ಕಾಗದದ ತೂಕ 45 ಜಿಎಸ್‌ಎಂ ಆಸುಪಾಸು. ಅದರ ಮೇಲೆ ಶಾಯಿ ಪೆನ್ನಿನ ಮೊನೆ ಇಟ್ಟರೆ ಚುಕ್ಕೆ ಇಟ್ಟಲ್ಲಿ ಹೂವು ಅರಳುತ್ತದೆ. ಇನ್ನೊಂದು ಕಡೆ ಜಪಾನಿನ ಟೊಮೊಎ ರಿವರ್ ಎಂಬ ಕಾಗದವಿದೆ. ಅದರ ತೂಕ 52 ಜಿಎಸ್‌ಎಂ. ಈರುಳ್ಳಿ ಸಿಪ್ಪೆಯಂತೆ ತೆಳ್ಳಗೆ. ಅದರ ಮೇಲೆ ಎಷ್ಟೇ ಧಾರಾಳವಾಗಿ ಮಸಿ ಬಿಡುವ ನಿಬ್ಬಿನಲ್ಲಿ ಬರೆದರೂ ಗೆರೆಯ ಅಂಚು ಕತ್ತರಿಸಿಟ್ಟಂತೆ ನಿಲ್ಲುತ್ತದೆ, ಒಂದು ತೊಟ್ಟೂ ಹಿಂಬದಿಗೆ ಇಳಿಯುವುದಿಲ್ಲ. ಬ್ರಾಡ್‌ವೇಯ ನೂರು ಜಿಎಸ್‌ಎಂ ಪುಸ್ತಕಗಳಲ್ಲಿ ಕೆಲವು ಮೊದಲ ಪುಟಕ್ಕೇ ಸೋಲುತ್ತವೆ.

ಏಳು ಗ್ರಾಂ ಅಂತರದ ಎರಡು ಕಾಗದಗಳ ನಡುವೆ ಇಷ್ಟು ದೂರ ಇದ್ದರೆ, ಮಸಿಯನ್ನು ಹಿಡಿದು ನಿಲ್ಲಿಸುವುದು ತೂಕ ಆಗಿರಲಾರದು. ಅದು ಬೇರೇನೋ. ಆ ಬೇರೇನೋ ಎಂಬುದನ್ನು ಮನುಷ್ಯರು ಹಂತಹಂತವಾಗಿ, ಏಳು ನೂರು ವರ್ಷಗಳ ಉದ್ದಕ್ಕೆ ಕಂಡುಹಿಡಿದರು. ತೂಕದ ಅಂಕಿ ಹುಟ್ಟಿದ ಕತೆಯೂ ಸೊಗಸಾಗಿದೆ, ಅದನ್ನು ಮೊದಲು ಹೇಳುತ್ತೇನೆ.

ಜರ್ಮನಿಯ ಗೊಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಗೇಯಾರ್ಗ್ ಕ್ರಿಸ್ಟೋಫ್ ಲಿಕ್ಟೆನ್‌ಬರ್ಗ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರಿದ್ದರು. ಅವರ ಬಳಿ ಬೀಜಗಣಿತ ಕಲಿಯುತ್ತಿದ್ದ ಒಬ್ಬ ಇಂಗ್ಲಿಷ್ ಯುವಕನಿಗೆ ಒಂದು ಲೆಕ್ಕ ಕೊಟ್ಟರು: ಒಂದು ಹಾಳೆಯನ್ನು ಅರ್ಧಕ್ಕೆ ಮಡಿಚಿದರೂ, ಅದನ್ನು ಮತ್ತೆ ಅರ್ಧ ಮಾಡಿದರೂ ಉದ್ದ ಅಗಲಗಳ ಪ್ರಮಾಣ ಬದಲಾಗಬಾರದು, ಅಂಥ ಹಾಳೆ ಯಾವುದು? ಉತ್ತರ, ಅಗಲ 1 ಆದರೆ ಉದ್ದ 2ರ ವರ್ಗಮೂಲ. ಉತ್ತರ ಸಿಕ್ಕಮೇಲೆ ಲಿಕ್ಟೆನ್‌ಬರ್ಗ್ ಕತ್ತರಿ ಹಿಡಿದು ಸಾಮಾನ್ಯ ಬರವಣಿಗೆಯ ಹಾಳೆಯೊಂದನ್ನು ಆ ಅಳತೆಗೆ ಕತ್ತರಿಸಲು ಹೊರಟರು. ನೋಡಿದರೆ ಕತ್ತರಿಸುವ ಅಗತ್ಯವೇ ಇರಲಿಲ್ಲ, ಹಾಳೆ ಆಗಲೇ ಆ ಪ್ರಮಾಣದಲ್ಲಿತ್ತು. ಯಾರೋ ಕಾಗದ ಮಾಡುವವರು ಬೀಜಗಣಿತದ ಹಂಗಿಲ್ಲದೆ ಅದನ್ನು ಕಂಡುಕೊಂಡಿದ್ದರು. 1786ರ ಅಕ್ಟೋಬರ್ 25ರಂದು ಯೋಹಾನ್ ಬೆಕ್‌ಮನ್ನರಿಗೆ ಬರೆದ ಕಾಗದದಲ್ಲಿ ಲಿಕ್ಟೆನ್‌ಬರ್ಗ್ ಈ ಪ್ರಸಂಗವನ್ನು ಹೇಳಿ, ಈ ಅಳತೆಯ ಮೂಲ ಯಾವುದೆಂದು ಕೇಳುತ್ತಾರೆ. ಗಣಿತಜ್ಞನೊಬ್ಬ ಕುಶಲಕರ್ಮಿಯ ಕೈಕೆಲಸದಲ್ಲಿ ತನ್ನ ಸಮೀಕರಣವನ್ನು ಕಂಡು ಹಿಗ್ಗಿದ ಆ ಗಳಿಗೆ ನನಗೆ ಬಹಳ ಇಷ್ಟ.

ಅದಾಗಿ ಶತಮಾನದ ಮೇಲೆ ವಾಲ್ಟರ್ ಪೋರ್ಸ್ಟ್‌ಮನ್ ಎಂಬ ಜರ್ಮನ್ ಎಂಜಿನಿಯರ್ ಈ ಪ್ರಮಾಣಕ್ಕೆ ಮೆಟ್ರಿಕ್ ಪದ್ಧತಿಯನ್ನು ಜೋಡಿಸಿದರು. ಎಲ್ಲಕ್ಕಿಂತ ದೊಡ್ಡ ಹಾಳೆ ಸರಿಯಾಗಿ ಒಂದು ಚದರ ಮೀಟರ್ ಇರಲಿ, ಉಳಿದವೆಲ್ಲ ಅದನ್ನು ಅರ್ಧರ್ಧ ಮಾಡುತ್ತ ಬರಲಿ ಎಂಬುದು ಅವರ ಯೋಜನೆ. 1922ರ ಆಗಸ್ಟ್ 18ರಂದು ಅದು ಡಿಐಎನ್ 476 ಎಂಬ ಜರ್ಮನ್ ಮಾನಕವಾಯಿತು. ಎ0 ಹಾಳೆ 841 ಮಿ.ಮೀ. ಅಗಲ, 1189 ಮಿ.ಮೀ. ಉದ್ದ. ಅದನ್ನು ನಾಲ್ಕು ಸಲ ಮಡಿಚಿದರೆ ಎ4. ಅಂದರೆ ಹದಿನಾರು ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. 80 ಜಿಎಸ್‌ಎಂ ಕಾಗದದ ಒಂದು ಎ4 ಹಾಳೆ 5 ಗ್ರಾಂ, 500 ಹಾಳೆಯ ಒಂದು ರೀಮು ಎರಡೂವರೆ ಕಿಲೊ. ಚಿನ್ನ ತೂಗುವ ಸಣ್ಣ ತಕ್ಕಡಿ ಇದ್ದರೆ ಯಾವ ನೋಟ್‌ಬುಕ್ಕಿನ ತೂಕವನ್ನೂ ಮನೆಯಲ್ಲೇ ಹಿಡಿಯಬಹುದು.

ಇದಕ್ಕೆ ಮುಂಚೆ ಕಾಗದದ ತೂಕ ಎಂದರೆ ಒಂದು ರೀಮಿಗೆ ಇಷ್ಟು ಪೌಂಡು. ಆ ರೀಮಿನ ಹಾಳೆ ಡೆಮಿಯೋ, ಕ್ರೌನೋ, ಫುಲ್‌ಸ್ಕೇಪೋ ಎಂದು ಗೊತ್ತಿಲ್ಲದಿದ್ದರೆ ಅಂಕಿಗೆ ಅರ್ಥವೇ ಇಲ್ಲ. ಅಮೆರಿಕದಲ್ಲಿ ಇವತ್ತಿಗೂ ಅದೇ ಪದ್ಧತಿ. ಅಲ್ಲಿನ 20 ಪೌಂಡ್ ಬಾಂಡ್ ಕಾಗದವೂ 50 ಪೌಂಡ್ ಆಫ್‌ಸೆಟ್ ಕಾಗದವೂ ಹೆಚ್ಚುಕಮ್ಮಿ ಒಂದೇ, ಎರಡೂ 75 ಜಿಎಸ್‌ಎಂ ಹತ್ತಿರ. ನಮ್ಮಲ್ಲಿ 1956ರ ತೂಕ ಮತ್ತು ಅಳತೆ ಕಾಯ್ದೆಯ ನಂತರ ಮೆಟ್ರಿಕ್ ಬಂತು. ಪುಸ್ತಕದ ಆಕಾರಕ್ಕೆ ಡೆಮಿ, ಕ್ರೌನ್ ಉಳಿದವು, ತೂಕಕ್ಕೆ ಜಿಎಸ್‌ಎಂ ನೆಲೆಯಾಯಿತು. ಜಿಎಸ್‌ಎಂ ಅಪ್ಪಟ ಪ್ರಾಮಾಣಿಕ ಅಳತೆ. ಆದರೆ ಅದು ಹೇಳುವುದು ಕಾಗದದಲ್ಲಿ ಎಷ್ಟು ಪದಾರ್ಥ ಇದೆ ಎಂಬುದನ್ನು ಮಾತ್ರ. ಆ ಪದಾರ್ಥ ನೀರನ್ನು ಕಂಡರೆ ಏನು ಮಾಡುತ್ತದೆ ಎಂಬುದು ಅದರಲ್ಲಿ ಇಲ್ಲ.

ಕಾಗದ ಎಂದರೆ ಮರದ ಅಥವಾ ಬಿದಿರಿನ ಎಳೆಗಳ ಹೆಣಿಗೆ. ಆ ಎಳೆಗಳ ಸೆಲ್ಯುಲೋಸ್‌ಗೆ ನೀರೆಂದರೆ ಬಲು ಪ್ರೀತಿ. ಎಳೆಗಳ ನಡುವಿನ ಸಂದುಗಳು ಶಾಯಿಯನ್ನು ಎಳೆದುಕೊಳ್ಳುತ್ತವೆ. ಶಾಯಿ ಅಡ್ಡಕ್ಕೆ ಹರಿದರೆ ಅಕ್ಷರ ಒಡೆಯುತ್ತದೆ, ಕೆಳಕ್ಕೆ ಇಳಿದರೆ ಹಿಂದಿನ ಪುಟ ಹಾಳು. ಏನೂ ಹಚ್ಚದ ಕಾಗದ ಬರೀ ಬ್ಲಾಟಿಂಗ್ ಪೇಪರ್. ಅದನ್ನು ಬರೆಯುವ ಕಾಗದ ಮಾಡಲು ಎಳೆಗಳಿಗೆ ಏನಾದರೂ ಮೆತ್ತಬೇಕು. ಕಾಗದದ ಕಾರ್ಖಾನೆಯವರು ಇದನ್ನು ಸೈಜಿಂಗ್ ಎನ್ನುತ್ತಾರೆ.

ಈ ಅಗತ್ಯ ನಮ್ಮ ಹಳಬರಿಗೆ ಗೊತ್ತಿತ್ತು. ಕೇರಳದ ಮತ್ತು ಕರ್ನಾಟಕದ ತಾಳೆಗರಿಗೆ ಈ ತೊಂದರೆ ಇರಲಿಲ್ಲ. ಗರಿಯ ಮೈ ಬಿಗಿಯಾಗಿ ಮಸಿ ಕುಡಿಯುವುದಿಲ್ಲವಾದ್ದರಿಂದ ಕಬ್ಬಿಣದ ಕಂಟದಿಂದ ಗೀರಿ ಆ ಗೀರಿನೊಳಗೆ ಕಾಡಿಗೆ ತೀಡುತ್ತಿದ್ದರು. ತಿರುವನಂತಪುರದ ದಫ್ತರ ಭಂಡಾರದಲ್ಲಿರುವ ‘ಚುರುಣ’ ಎಂಬ ಗರಿಗಳ ಸುರುಳಿಗಳಲ್ಲಿ ತಿರುವಾಂಕೂರಿನ ಲೆಕ್ಕಪತ್ರಗಳು ಹೀಗೇ ಉಳಿದಿವೆ. ಕನ್ನಡ ನಾಡಿನ ಕಡತ ಇನ್ನೂ ಸ್ವಾರಸ್ಯದ್ದು. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಿಚಿ ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಲೆಕ್ಕಗಳು ಇಂಥ ಕಡತಗಳಲ್ಲಿವೆ. ಎಳೆಗಳ ಸಂದು ಮುಚ್ಚಿದರೆ ಬರಹ ನಿಲ್ಲುತ್ತದೆ ಎಂಬ ತಿಳಿವಳಿಕೆ ಕಡತ ಮಾಡಿದವರ ಕೈಯಲ್ಲಿತ್ತು. ಕೈಕಾಗದ ಮಾಡುವವರು ಅಕ್ಕಿ ಅಥವಾ ಗೋಧಿಯ ಗಂಜಿ ಬಳಿದು ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ಬರಿಸುತ್ತಿದ್ದರು. ಅರಬ್ ದೇಶಗಳಲ್ಲೂ ಇದೇ ವಿಧಾನ. ಗಂಜಿಯ ದೋಷ ಒಂದೇ: ತೇವದ ಊರಿನಲ್ಲಿ ಹುಳಕ್ಕೂ ಬೂಷ್ಟಿಗೂ ಅದು ಹಬ್ಬದೂಟ. ಯುರೋಪಿನಲ್ಲಿ ಚಕ್ರವರ್ತಿ ಎರಡನೇ ಫ್ರೆಡರಿಕ್ 1231ರಲ್ಲಿ ಸರ್ಕಾರಿ ದಾಖಲೆಗಳಿಗೆ ಕಾಗದ ಬಳಸಬಾರದು, ಚರ್ಮಪತ್ರವೇ ಆಗಬೇಕು ಎಂದು ಕಟ್ಟಳೆ ಮಾಡಿದ. ಕಾಗದ ಬಾಳಿಕೆ ಬರುವುದಿಲ್ಲ ಎಂಬುದು ಅವನ ಅಳಲು.

ಮೊದಲ ದೊಡ್ಡ ಹೆಜ್ಜೆ ಇಟ್ಟವರು ಇಟಲಿಯ ಫಾಬ್ರಿಯಾನೊ ಊರಿನ ಕಾಗದಗಾರರು. 13ನೇ ಶತಮಾನದ ಉತ್ತರಾರ್ಧದಲ್ಲಿ ಅವರು ಗಂಜಿಯನ್ನು ಬಿಟ್ಟು, ಚರ್ಮ ಹದಮಾಡುವವರ ಬಳಿ ಉಳಿಯುವ ತೊಗಲಿನ ಚೂರುಗಳನ್ನು ಕುದಿಸಿ ತೆಗೆದ ಜೆಲಟಿನ್ ಅಂಟನ್ನು ಹಿಡಿದರು. ಒಣಗಿದ ಹಾಳೆಗಳನ್ನು ಬಿಸಿ ಅಂಟಿನ ತೊಟ್ಟಿಯಲ್ಲಿ ಅದ್ದಿ, ಒತ್ತಿ, ಮತ್ತೆ ಹಗ್ಗದ ಮೇಲೆ ಹರವುವುದು. ಹಕ್ಕಿಯ ಗರಿಯ ಲೇಖನಿಗೆ ಬೇಕಾದ ಗಡಸು ಮೈ ಬಂತು. ಇವತ್ತು ನಾವು ಒಳ್ಳೆಯ ಕಾಗದ ಎನ್ನುವಾಗ ನಮ್ಮ ಮನಸ್ಸಿನಲ್ಲಿರುವ ಆ ‘ಚಟಚಟ’ ಸದ್ದಿನ ಹಾಳೆ ಅವರ ಕೊಡುಗೆ. ಆದರೆ ಅದ್ದುವಾಗ ಹಸಿ ಹಾಳೆಗಳು ಹರಿಯುತ್ತಿದ್ದವು, ಸುಕ್ಕಾಗುತ್ತಿದ್ದವು, ಸೆಕೆಯ ದಿನಗಳಲ್ಲಿ ಅಂಟು ಕೊಳೆಯುತ್ತಿತ್ತು. ಇಂಗ್ಲೆಂಡಿನ ಹಳೆಯ ಕಾಗದದ ಮನೆಗಳಲ್ಲಿ ಅಂಟು ಹಾಕುವ ಕೋಣೆಗೆ ಕಸಾಯಿಖಾನೆ ಎಂಬ ಅಡ್ಡಹೆಸರಿತ್ತು. ಅಷ್ಟು ಹಾಳೆಗಳು ಅಲ್ಲಿ ಹಾಳಾಗುತ್ತಿದ್ದವು.

ಐನೂರು ವರ್ಷ ಹೀಗೇ ನಡೆಯಿತು. 1799ರಲ್ಲಿ ಫ್ರಾನ್ಸಿನ ಲೂಯಿ ನಿಕೋಲಾ ರೊಬೇರ್ ಉದ್ದಕ್ಕೆ ಬಿಚ್ಚಿಕೊಳ್ಳುತ್ತ ಬರುವ ಕಾಗದದ ಯಂತ್ರಕ್ಕೆ ಹಕ್ಕುಪತ್ರ ಪಡೆದರು. ಯಂತ್ರ ಬಂದಮೇಲೆ ಒಂದೊಂದೇ ಹಾಳೆಯನ್ನು ಅದ್ದಿ ಒಣಗಿಸುತ್ತ ಕೂರುವುದು ಯಾರಿಂದಲೂ ಆಗದ ಮಾತು. ಅಂಟನ್ನು ಹಾಳೆಗೆ ಹಚ್ಚುವ ಬದಲು ತಿರುಳಿಗೇ ಬೆರೆಸಿಬಿಡುವ ದಾರಿ ಬೇಕಿತ್ತು.

ಆ ದಾರಿ ತೋರಿಸಿದವನು ಮೊರಿಟ್ಸ್ ಫ್ರೀಡ್ರಿಕ್ ಇಲ್ಲಿಗ್. ಜರ್ಮನಿಯ ಓಡೆನ್‌ವಾಲ್ಡ್ ಬೆಟ್ಟಸೀಮೆಯ ಎರ್ಬಾಕ್ ಊರಿನ ಕಾಗದಗಾರರ ಮನೆಯಲ್ಲಿ 1777ರಲ್ಲಿ ಹುಟ್ಟಿ ಗಡಿಯಾರದ ಕೆಲಸ ಕಲಿತವನು. ಅವನ ಉಪಾಯ ಇದು: ಪೈನ್ ಮರದ ರಾಳವನ್ನು ಕ್ಷಾರದಲ್ಲಿ ಕರಗಿಸಿ ಸಾಬೂನಿನಂತೆ ಮಾಡಿ ತಿರುಳಿನ ತೊಟ್ಟಿಗೆ ಸುರಿಯುವುದು, ಆಮೇಲೆ ಪಟಿಕದ ನೀರು ಹಾಕುವುದು. ಪಟಿಕ ತಾಗಿದ ಕೂಡಲೇ ಕರಗಿದ್ದ ರಾಳ ಮತ್ತೆ ಸಣ್ಣ ಸಣ್ಣ ಕಣವಾಗಿ ಒಂದೊಂದು ಎಳೆಯ ಮೇಲೂ ಕೂರುತ್ತದೆ. ಆಮೇಲೆ ಹಾಳೆ ಎತ್ತಿದರೆ ಅದು ಹುಟ್ಟುತ್ತಲೇ ನೀರನ್ನು ದೂರ ಇಡುವ ಹಾಳೆ. ಅಂಟಿನ ಕೋಣೆ ಬೇಡ, ಎರಡನೇ ಸಲ ಒಣಗಿಸುವುದು ಬೇಡ. ಎಳೆಗಳ ನಡುವೆ ಗೋಡೆ ಕಟ್ಟುವ ಬದಲು ಎಳೆಗಳ ಸ್ವಭಾವವನ್ನೇ ಬದಲಿಸಿದ್ದು ಇಲ್ಲಿಗ್‌ನ ಹೊಸತನ. 1807ರಲ್ಲಿ ತನ್ನ ವಿಧಾನವನ್ನು ಒಂದು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದ. ಮುಂದಿನ ಒಂದೂವರೆ ಶತಮಾನ ಜಗತ್ತಿನ ಯಂತ್ರಕಾಗದವೆಲ್ಲ ರಾಳ ಮತ್ತು ಪಟಿಕದ ಮೇಲೆಯೇ ನಿಂತಿತು. 1884ರಲ್ಲಿ ಲೂಯಿಸ್ ವಾಟರ್‌ಮನ್ ತನ್ನ ಫೌಂಟನ್ ಪೆನ್ನಿಗೆ ಹಕ್ಕು ಪಡೆದಾಗ ಅದರ ಮೊನೆಯ ಕೆಳಗೆ ಸಿದ್ಧವಾಗಿದ್ದದ್ದು ಇಲ್ಲಿಗ್‌ನ ಕಾಗದ. ಪೆನ್ನಿನ ಚರಿತ್ರೆ ಬರೆಯುವವರು ಈ ಗಡಿಯಾರದವನನ್ನು ನೆನೆಯುವುದು ಅಪರೂಪ, ಅದು ನನಗೆ ಸರಿ ಕಾಣುವುದಿಲ್ಲ.

ಪಟಿಕಕ್ಕೆ ಒಂದು ಕೆಟ್ಟ ಗುಣವಿತ್ತು. ಅದು ಕಾಗದದೊಳಗೆ ಆಮ್ಲವಾಗಿ ಉಳಿದು ಎಳೆಗಳನ್ನು ನಿಧಾನವಾಗಿ ತಿನ್ನುತ್ತದೆ. ನಮ್ಮ ಮನೆಗಳ ಅಟ್ಟದ ಹಳೆಯ ಪುಸ್ತಕಗಳ ಪುಟಗಳು ಕಂದಿ ಹಪ್ಪಳದಂತೆ ಮುರಿಯುವುದಕ್ಕೆ ಅದು ಮುಖ್ಯ ಕಾರಣ. ಅಮೆರಿಕದ ವರ್ಜೀನಿಯಾದಲ್ಲಿ ದಾಖಲೆಗಳ ದುರಸ್ತಿ ಮಾಡುತ್ತಿದ್ದ ವಿಲಿಯಂ ಬ್ಯಾರೋ 1959ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಲೋಕದ ಮುಂದಿಟ್ಟಿತು. ಅದೇ ದಶಕದಲ್ಲಿ ಹರ್ಕ್ಯುಲಿಸ್ ಕಂಪನಿಯ ರಸಾಯನ ತಜ್ಞರು ಪಟಿಕದ ಹಂಗಿಲ್ಲದ ಎಕೆಡಿ ಎಂಬ ಮೇಣದಂಥ ಪದಾರ್ಥವನ್ನು ಬಳಕೆಗೆ ತಂದರು. ಅದಾದ ಮೇಲೆ ಕಾಗದ ಆಮ್ಲದ ಕಡೆಯಿಂದ ಕ್ಷಾರದ ಕಡೆಗೆ ಹೊರಳಿತು, ಸುಣ್ಣದ ಪುಡಿಯನ್ನು ಧಾರಾಳವಾಗಿ ಬೆರೆಸಿ ಬಿಳುಪು ತರಲು ಸಾಧ್ಯವಾಯಿತು. ಇದರ ಮೇಲೆ ಇನ್ನೊಂದು ತೆಳು ಲೇಪ, ಪಿಷ್ಟದ್ದು. ಅಂದರೆ ಹಳೆಯ ಗಂಜಿಯೇ ಯಂತ್ರದ ಉರುಳೆಗಳ ನಡುವೆ ಮರಳಿ ಬಂತು. ಮೆಕ್ಕೆಜೋಳದ ಪಿಷ್ಟದ ಜೊತೆಗೆ ಮರಗೆಣಸಿನ ಪಿಷ್ಟವೂ ಭಾರತದ ಕಾಗದ ಕಾರ್ಖಾನೆಗಳಿಗೆ ಹೋಗುತ್ತದೆ. ಕೇರಳದವರು ‘ಕಪ್ಪ’ ಎಂದು ಮೀನಿನ ಸಾರಿನ ಜೊತೆ ತಿನ್ನುವ ಅದೇ ಗೆಣಸು. ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರಿಂದ ಇರುವ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಈ ಗೆಣಸಿನ ಪಿಷ್ಟದ ಗುಣಗಳ ಮೇಲೆ ಕೆಲಸ ಮಾಡುತ್ತ ಬಂದಿದೆ.

ಇಷ್ಟೆಲ್ಲ ಆದರೂ ಸೈಜಿಂಗ್ ಎಷ್ಟು ಚೆನ್ನಾಗಿ ಕೂತಿದೆ ಎಂದು ಅಳೆಯುವುದು ಹೇಗೆ? ಬಹುಕಾಲ ಕಾಗದಗಾರರು ನಾಲಿಗೆ ತಾಗಿಸಿ ನೋಡುತ್ತಿದ್ದರು, ಇಲ್ಲವೇ ಪೆನ್ನಿನಿಂದ ಗೆರೆ ಎಳೆಯುತ್ತಿದ್ದರು. ಸಿದ್ಧಾಂತ ಮೊದಲು ಬಂತು. ದ್ರವದ ಹನಿ ಮೇಲ್ಮೈಯನ್ನು ಮುಟ್ಟುವ ಕೋನದ ಮೇಲೆ ಎಲ್ಲವೂ ನಿಂತಿದೆ ಎಂದು ಥಾಮಸ್ ಯಂಗ್ 1805ರಲ್ಲೇ ಹೇಳಿದ್ದರು. 1918ರಲ್ಲಿ ರಿಚರ್ಡ್ ಲ್ಯೂಕಾಸ್, 1921ರಲ್ಲಿ ಎಡ್ವರ್ಡ್ ವಾಶ್‌ಬರ್ನ್ ಬೇರೆ ಬೇರೆಯಾಗಿ ಒಂದೇ ಸೂತ್ರಕ್ಕೆ ಬಂದರು: ಸಣ್ಣ ಸಂದಿನೊಳಗೆ ದ್ರವ ಸಾಗುವ ದೂರ ಕಾಲದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುತ್ತದೆ. ಅಂದರೆ ಕಾಗದದ ದಪ್ಪ ಎರಡು ಪಟ್ಟಾದರೆ ಶಾಯಿ ಹಿಂಬದಿ ತಲುಪಲು ನಾಲ್ಕು ಪಟ್ಟು ಹೊತ್ತು ಬೇಕು. ಇಲ್ಲಿ ತೂಕದ ಪರವಾಗಿ ಒಂದು ಮಾತಿದೆ, ಅದನ್ನು ಒಪ್ಪಬೇಕು. ಆದರೆ ಅದೇ ಸೂತ್ರದಲ್ಲಿ ಸ್ಪರ್ಶಕೋನವೂ ಇದೆ. ಕೋನ 90 ಡಿಗ್ರಿ ದಾಟಿತೆಂದರೆ ಸಂದು ದ್ರವವನ್ನು ಎಳೆದುಕೊಳ್ಳುವುದೇ ಇಲ್ಲ. ದಪ್ಪ ಹೆಚ್ಚಿಸಿದರೆ ಶಾಯಿ ತಡವಾಗಿ ಇಳಿಯುತ್ತದೆ, ಕೋನ ಬದಲಿಸಿದರೆ ಬಾಗಿಲೇ ಮುಚ್ಚುತ್ತದೆ. ನೀರಿಗಿಂತ ಶಾಯಿಯ ಮೇಲ್ಮೈ ಎಳೆತ ಕಡಿಮೆ ಇರುವುದರಿಂದ ಬಾಗಿಲು ಪೂರ್ತಿ ಮುಚ್ಚುವುದು ಕಷ್ಟ. ಅದಕ್ಕೇ ಒಂದೇ ಕಾಗದ ಒಂದು ಶಾಯಿಗೆ ಒಲಿದು ಇನ್ನೊಂದಕ್ಕೆ ಮುನಿಯುತ್ತದೆ.

ಇದನ್ನೆಲ್ಲ ಒಂದು ಅಂಕಿಗೆ ಇಳಿಸಿದವರು ಅಮೆರಿಕದ ಕಾಬ್ ಮತ್ತು ಲೋ. 1934ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆ ಎಷ್ಟು ಸರಳ ಎಂದರೆ ಶಾಲೆಯ ಮಕ್ಕಳೂ ಮಾಡಬಹುದು. ತೂಗಿದ ಕಾಗದದ ಮೇಲೆ 100 ಚದರ ಸೆಂಟಿಮೀಟರ್ ಬಾಯಿಯ ಲೋಹದ ಬಳೆಯನ್ನು ಬಿಗಿದು, 100 ಮಿಲಿಲೀಟರ್ ನೀರು ಸುರಿಯಬೇಕು. 45 ಸೆಕೆಂಡಿಗೆ ನೀರು ಚೆಲ್ಲಿ, 60ನೇ ಸೆಕೆಂಡಿಗೆ ಬ್ಲಾಟಿಂಗ್ ಪೇಪರ್ ಇಟ್ಟು 10 ಕಿಲೊ ಉರುಳೆಯನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಹಾಯಿಸಿ ಮತ್ತೆ ತೂಗಬೇಕು. ಹೆಚ್ಚಾದ ತೂಕವನ್ನು ಚದರ ಮೀಟರಿನ ಲೆಕ್ಕಕ್ಕೆ ತಂದರೆ ಅದು ಕಾಬ್ ಅಂಕಿ. ಬರವಣಿಗೆಯ ಕಾಗದಕ್ಕೆ ಸಾಮಾನ್ಯವಾಗಿ 20ರಿಂದ 30. ಅಂದರೆ ಆ ಬಳೆಯಷ್ಟು ಜಾಗ ಒಂದು ನಿಮಿಷದಲ್ಲಿ ಕುಡಿಯುವುದು ಕಾಲು ಗ್ರಾಂ ನೀರು. ಜಿಎಸ್‌ಎಂ ಎಂಬುದು ಕಾಗದದ ತೂಕವಾದರೆ ಕಾಬ್ ಎಂಬುದು ಆ ಕಾಗದದ ಬಾಯಾರಿಕೆಯ ತೂಕ. ಎರಡಕ್ಕೂ ಏಕಮಾನ ಒಂದೇ, ಚದರ ಮೀಟರಿಗೆ ಇಷ್ಟು ಗ್ರಾಂ. ಆದರೆ ಪುಸ್ತಕದ ಹೊದಿಕೆಯ ಮೇಲೆ ಬರುವುದು ಮೊದಲನೆಯದು ಮಾತ್ರ.

ಈಗ ವೆಳ್ಳೂರಿನ ಕಾಗದದ ಗುಟ್ಟು ಬಿಡಿಸಬಹುದು. ಪತ್ರಿಕೆ ಕಾಗದಕ್ಕೆ ಸೈಜಿಂಗ್ ಹಾಕುವುದೇ ಇಲ್ಲ ಎನ್ನುವಷ್ಟು ಕಡಿಮೆ. ಪತ್ರಿಕೆಯ ಅಚ್ಚಿನ ಮಸಿ ಎಣ್ಣೆಯದು. ಗಂಟೆಗೆ ಸಾವಿರಾರು ಪ್ರತಿ ಓಡುವ ಯಂತ್ರದಲ್ಲಿ ಅದು ಒಣಗುವುದು ಕಾಗದದೊಳಗೆ ಇಂಗುವುದರಿಂದ. ಬಾಯಾರಿದ ಕಾಗದವೇ ಅಲ್ಲಿ ಬೇಕು. ನೀಲಗಿರಿ ಮರದ ತಿರುಳಿಗೆ ವಾಟೆ ಬಿದಿರಿನ ತಿರುಳು ಸೇರಿಸಿ ವೆಳ್ಳೂರಿನಲ್ಲಿ ಆ ಕಾಗದವನ್ನು ಮಾಡುತ್ತಿದ್ದರು. ಅದು ತನ್ನ ಕೆಲಸಕ್ಕೆ ಪಕ್ಕಾ ಕಾಗದ. ಭದ್ರಾವತಿಯ ಎಂಪಿಎಂ ಕಾರ್ಖಾನೆಯ ಪತ್ರಿಕೆ ಕಾಗದದ ರಫ್ ನೋಟಿನಲ್ಲಿ ಇಂಕ್ ಪೆನ್ನು ಊರಿ ಮೇಷ್ಟರಿಂದ ಬೈಸಿಕೊಂಡ ನಮ್ಮ ಕಡೆಯ ಮಕ್ಕಳಿಗೂ ಇದೇ ಅನುಭವ.

ಜಪಾನಿನ ಶಿಜುಒಕಾದ ಟೊಮೊಎಗಾವಾ ಕಂಪನಿ ಇದರ ತೀರ ಎದುರು ದಿಕ್ಕಿಗೆ ಹೋಯಿತು. ಹಗುರವಾಗಿಯೂ ಇರಬೇಕು, ಎರಡೂ ಬದಿ ಬಳಸುವಂತೆಯೂ ಇರಬೇಕು ಎಂಬ ಗುರಿಯಿಂದ ಎಳೆಗಳನ್ನು ನುಣ್ಣಗೆ ಅರೆದು, ಒತ್ತಾಗಿ ಕೂರಿಸಿ, ಮೈಗೆ ಲೇಪ ಕೊಟ್ಟು 52 ಗ್ರಾಂನಲ್ಲಿ ನಿಲ್ಲಿಸಿತು. ಹೊಬೊನಿಚಿ ದಿನಚರಿ ಪುಸ್ತಕದ ಮೂಲಕ ಅದು ಜಗತ್ತಿನ ಪೆನ್ನುಪ್ರಿಯರ ಕೈಗೆ ಬಂತು. ಶಾಯಿ ಒಳಗೆ ಇಳಿಯದೆ ಮೇಲೆಯೇ ಒಣಗುವುದರಿಂದ ನೀಲಿಯ ಅಂಚಿನಲ್ಲಿ ಕೆಂಪು ಮಿಂಚು ಕಾಣುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಮಸಿ ಒಣಗಲು ಬಹಳ ಹೊತ್ತು, ಮತ್ತು ಹಾಳೆ ತೆಳುವಾದ್ದರಿಂದ ಹಿಂದಿನ ಪುಟದ ಅಕ್ಷರ ನೆರಳಾಗಿ ಕಾಣುತ್ತದೆ. ತೂಕಕ್ಕೆ ನಿಜವಾದ ಕೆಲಸ ಇರುವುದು ಇಲ್ಲಿ. ಹಿಂದಿನ ಬರಹ ಕಾಣದಂತೆ ಮರೆಮಾಡುವುದು, ಹಾಳೆ ಮುದುಡದಂತೆ ಹಿಡಿಯುವುದು, ಪುಟ ತಿರುಗಿಸುವಾಗ ಕೈಗೆ ನಿಲುವು ಕೊಡುವುದು, ಇವು ಜಿಎಸ್‌ಎಂ ಹೇಳಬಲ್ಲ ಸಂಗತಿಗಳು.

ನನ್ನ ಮೇಜಿನ ಮೇಲೆ ನಾನು ಹೋಲಿಸಿದ ಕ್ರಮ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಇಂಗ್ಲಿಷಿನವರು ಬಳಸುವ ಮಾದರಿ ವಾಕ್ಯಗಳು ಕನ್ನಡಕ್ಕೆ ಸಾಲುವುದಿಲ್ಲ. ನಮ್ಮ ಲಿಪಿ ದುಂಡಗೆ, ಹೊಟ್ಟೆಯೊಳಗೆ ಪುಟ್ಟ ಪುಟ್ಟ ಜಾಗ. ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’, ‘ಡ’ ಮತ್ತು ‘ಢ’ ಇವುಗಳ ನಡುವಿನ ವ್ಯತ್ಯಾಸ ಬುಡದ ಒಂದು ಸಣ್ಣ ಸೀಳು. ಮಸಿ ಕೂದಲೆಳೆಯಷ್ಟು ಹರಡಿದರೂ ಆ ಸೀಳು ಕಟ್ಟಿಕೊಳ್ಳುತ್ತದೆ, ‘ಠ’ದ ಒಳಗಿನ ಚುಕ್ಕೆ ಮುಳುಗುತ್ತದೆ. ಹಾಗಾಗಿ ಮಠ, ಗೂಢ, ಲಾಭ, ಬಾಧೆ, ಒಡ್ಡು, ಒತ್ತಕ್ಷರ ಎಂದು ಬರೆದು ಭೂತಗನ್ನಡಿಯಲ್ಲಿ ನೋಡುತ್ತೇನೆ. ಅದೇ ಹಾಳೆಯ ಮೂಲೆಯಲ್ಲಿ ನಿಬ್ಬನ್ನು ಒತ್ತಿ ಒಂದು ಚುಕ್ಕೆ ಇಟ್ಟು, ಹಿಂಬದಿ ತಿರುಗಿಸುತ್ತೇನೆ. 70 ಜಿಎಸ್‌ಎಂನ ಸಾಧಾರಣ ಕಾಪಿಯರ್ ಕಾಗದದ ಮೇಲೆ ‘ಧ’ದ ಸೀಳು ಉಳಿದು, ದುಬಾರಿಯ ನೂರು ಜಿಎಸ್‌ಎಂ ದಿನಚರಿಯಲ್ಲಿ ಅದು ಮುಚ್ಚಿಹೋದದ್ದನ್ನು ನೋಡಿದವರು ಆಮೇಲೆ ಅಂಗಡಿಯಲ್ಲಿ ದಪ್ಪ ಕೇಳುವುದಿಲ್ಲ. ಅದೇ ದಿನಚರಿಯ ಪುಟದ ಮೇಲೆ ಒಂದು ತೊಟ್ಟು ನೀರು ಇಟ್ಟರೆ ಅದು ಮಣಿಯಂತೆ ನಿಲ್ಲದೆ ಕ್ಷಣದಲ್ಲಿ ಚಪ್ಪಟೆಯಾಗಿ ಇಂಗಿತು. ಉತ್ತರ ಅಲ್ಲೇ ಇತ್ತು.

ತ್ರಿಪ್ಪುಣಿತ್ತುರದ ಮಳೆಗಾಲ ಈ ಹೋಲಿಕೆಯನ್ನು ಇನ್ನಷ್ಟು ಕಠಿಣ ಮಾಡುತ್ತದೆ. ಕಾಗದ ಗಾಳಿಯ ತೇವವನ್ನೂ ಕುಡಿಯುತ್ತದೆ. ಗಾಳಿಯ ಆರ್ದ್ರತೆ ಶೇಕಡ 50 ಇದ್ದಾಗ ಅದರಲ್ಲಿ ಸುಮಾರು ಶೇಕಡ 6ರಿಂದ 7ರಷ್ಟು ನೀರಿದ್ದರೆ, ಶೇಕಡ 80 ದಾಟಿದಾಗ ಹತ್ತಕ್ಕೂ ಮೇಲೆ. ಹಾಗಾಗಿ ಮಾರ್ಚಿನಲ್ಲಿ 5 ಗ್ರಾಂ ತೂಗಿದ ಎ4 ಹಾಳೆ ಜೂನಿನಲ್ಲಿ ಅದಕ್ಕಿಂತ ತುಸು ಹೆಚ್ಚೇ ತೂಗುತ್ತದೆ. ಜಿಎಸ್‌ಎಂ ಎಂಬ ಅಂಕಿಯೊಳಗೇ ಮಳೆಗಾಲ ಸೇರಿಕೊಳ್ಳುತ್ತದೆ. ಇದೇ ಕಾರಣಕ್ಕೆ ಪ್ರಯೋಗಾಲಯಗಳಲ್ಲಿ ಕಾಗದವನ್ನು ಗೊತ್ತಾದ ಹವೆಯಲ್ಲಿ ಇಟ್ಟು ಆಮೇಲೆ ತೂಗುತ್ತಾರೆ. ತಂಪು ದೇಶಗಳಿಗೆ 23 ಡಿಗ್ರಿ ಮತ್ತು ಶೇಕಡ 50 ಆರ್ದ್ರತೆ, ನಮ್ಮಂಥ ಉಷ್ಣವಲಯಕ್ಕೆ 27 ಡಿಗ್ರಿ ಮತ್ತು ಶೇಕಡ 65. ತೇವ ಹಿಡಿದ ಹಾಳೆಯ ಎಳೆಗಳು ಉಬ್ಬಿ ಸಡಿಲವಾಗಿರುತ್ತವೆ, ಶಾಯಿಗೆ ದಾರಿ ಸಲೀಸು. ಬೇಸಗೆಯಲ್ಲಿ ಗೆದ್ದ ಕಾಗದ ಆಷಾಢದಲ್ಲಿ ಸೋಲುವುದನ್ನು ಇಲ್ಲಿ ಪ್ರತಿವರ್ಷ ಕಾಣಬಹುದು. ಇನ್ನು ಚೆನ್ನಾಗಿ ಸೈಜ್ ಆದ ಕಾಗದದ ಮೇಲೆ ಮಸಿ ಆರುವುದೇ ಇಲ್ಲ ಎನ್ನುವಷ್ಟು ತಡ. ಬ್ಲಾಟಿಂಗ್ ಪೇಪರ್ ಈ ಊರಿನಲ್ಲಿ ನನಗೆ ಈಗಲೂ ಕೈಸಾಮಾನು. ದಿನಚರಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಅಂಗೈ ಬೆವರಿನ ಎಣ್ಣೆ ಮತ್ತು ತೇವ ಲೇಪಕ್ಕೆ ಅಂಟದಂತೆ ಕೈಯ ಕೆಳಗೆ ಒಂದು ಹಾಳೆ ಹಾಕಿಕೊಳ್ಳುತ್ತೇನೆ.

2021ರಲ್ಲಿ ಟೊಮೊಎಗಾವಾ ತನ್ನ ಈ ಕಾಗದದ ತಯಾರಿಕೆಯಿಂದ ಹಿಂದೆ ಸರಿಯಿತು. ಕಾನಾಜಾವಾದ ಸಾನ್‌ಜೆನ್ ಕಂಪನಿ ಅದನ್ನು ವಹಿಸಿಕೊಂಡಿತು. ಹೆಸರು ಅದೇ, ತೂಕವೂ ಅದೇ 52. ಬಳಸುವವರು ಕೂಡಲೇ ವ್ಯತ್ಯಾಸ ಕಂಡರು: ಕೆಲವು ಶಾಯಿಗಳ ಮಿಂಚು ಬದಲಾಗಿತ್ತು, ಒಣಗುವ ಹೊತ್ತು ಬದಲಾಗಿತ್ತು. ಹಳೆಯ ದಾಸ್ತಾನನ್ನು ಜನ ಹುಡುಕಿ ಕೊಂಡರು. ಯಂತ್ರ ಬೇರೆ, ಲೇಪ ಕೂರುವ ರೀತಿ ಬೇರೆ.

ತೂಕದ ಅಂಕಿಯೊಂದೇ ಸಾಲದು ಎಂಬುದು ನಮ್ಮ ಕಾಗದ ಕಾರ್ಖಾನೆಗಳಿಗೆ ಹೊಸ ವಿಷಯವೇನೂ ಅಲ್ಲ. ಬರವಣಿಗೆ ಮತ್ತು ಮುದ್ರಣ ಕಾಗದದ ತಾಂತ್ರಿಕ ಪಟ್ಟಿಯಲ್ಲಿ ಜಿಎಸ್‌ಎಂ, ದಪ್ಪ, ಬಿಳುಪಿನ ಜೊತೆ ಕಾಬ್ ಅಂಕಿಯನ್ನೂ ಅವು ಕೊಡುತ್ತವೆ. ನೋಟ್‌ಬುಕ್ ಕಟ್ಟುವವರ ಕೈಗೆ ಆ ಪಟ್ಟಿ ಬರುತ್ತದೆ. ಅಲ್ಲಿಂದ ಮುಂದೆ, ಪೆನ್ನು ಹಿಡಿಯುವವರವರೆಗೆ, ಅದು ಬರುವುದಿಲ್ಲ. ಹೊದಿಕೆಯ ಮೇಲೆ 70 ಜಿಎಸ್‌ಎಂ ಎಂದು ಅಚ್ಚು ಹಾಕುವ ಜಾಗದಲ್ಲೇ ‘ಕಾಬ್ 22’ ಎಂದು ಇನ್ನೊಂದು ಅಂಕಿ ಸೇರಿಸಲು ಹೆಚ್ಚು ಮಸಿ ಬೇಕಿಲ್ಲ. ಬ್ರಾಡ್‌ವೇಯ ಅಂಗಡಿಯಲ್ಲಿ ಈಗ ನಾನು ಅದನ್ನೇ ಕೇಳುತ್ತೇನೆ. ಅಂಗಡಿಯವರು ಕಂಪನಿಯ ಏಜೆಂಟರಿಗೆ ಫೋನು ಮಾಡಿ ವಿಚಾರಿಸುವುದಾಗಿ ಹೇಳಿ, ನನ್ನ ಕೈಗೆ ಒಂದು ಬಿಡಿ ಹಾಳೆ ಕೊಡುತ್ತಾರೆ, ಬರೆದು ನೋಡಲು.